ಕರೆಂಟ್ ಕಂಬದ ನಕ್ಷೆಗೆ ಸಹಿ ಹಾಕುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನೀವು ಯಾವ ದೇಶದವರೇ ಆಗಿರಿ, ಯಾವ ಹುದ್ದೆಯಲ್ಲೇ ಇರಿ, ಹೊಸ ಲೈನ್ ಎಳೆಯುವ ಮುಂಚೆ ಕಂಬದ ನಕ್ಷೆ ನಿಮ್ಮ ಮೇಜಿಗೆ ಬರುತ್ತದೆ. ನೀವು ಒಂದು ಸಹಿ ಹಾಕಿದರೆ ಅಂಥದೇ ಕಂಬಗಳು ಸಾವಿರಗಟ್ಟಲೆ ನೆಲಕ್ಕೆ ಇಳಿಯುತ್ತವೆ. ಅದಕ್ಕೇ ಈ ಪತ್ರ ನಿಮಗೆ ಬರೆಯುತ್ತಿದ್ದೇನೆ. ವಿಷಯ ಹದ್ದುಗಳದ್ದು.

ಮೊದಲು ಒಂದು ಹದ್ದಿನ ಕಥೆ ಹೇಳುತ್ತೇನೆ. ಫಿಲಿಪ್ಪೀನ್ಸ್ ಕಾಡುಗಳಲ್ಲಿ ಒಂದು ಬಗೆಯ ದೊಡ್ಡ ಹದ್ದಿದೆ. ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ತಲೆ ಸುತ್ತ ಕೆದರಿದ ಉದ್ದನೆಯ ಗರಿಗಳು, ನೀಲಿ ಬೆರೆತ ಬೂದು ಕಣ್ಣು. ಒಮ್ಮೆ ಚಿತ್ರ ನೋಡಿದವರು ಮರೆಯುವುದಿಲ್ಲ. 2023ರಲ್ಲಿ ಪ್ರಕಟವಾದ ಒಂದು ಅಂದಾಜಿನ ಪ್ರಕಾರ ಕಾಡಿನಲ್ಲಿ ಉಳಿದಿರುವುದು ಸುಮಾರು 392 ಜೋಡಿ. ಈ ಹದ್ದುಗಳನ್ನು ಉಳಿಸಬೇಕು ಅಂತ ಅಲ್ಲಿನವರು ಪಂಜರದಲ್ಲಿ ಮೊಟ್ಟೆ ಒಡೆಸಿ, ಮರಿ ಸಾಕಿ, ವರ್ಷಗಟ್ಟಲೆ ಕಷ್ಟಪಟ್ಟಿದ್ದಾರೆ. ಹಾಗೆ ಬೆಳೆದ ಒಂದು ಮರಿಯನ್ನು 2004ರ ಏಪ್ರಿಲ್‌ನಲ್ಲಿ ಅಪೋ ಬೆಟ್ಟದ ಕಾಡಿಗೆ ಬಿಟ್ಟರು. ಪಂಜರದಲ್ಲಿ ಹುಟ್ಟಿ ಕಾಡಿಗೆ ಹೋದ ಮೊದಲ ಫಿಲಿಪ್ಪೀನ್ ಹದ್ದು ಅದು. ಹೆಸರು ಕಬಯಾನ್. 'ನಮ್ಮ ನಾಡಿನವನು' ಅಂತ ಅರ್ಥ.

ಒಂಬತ್ತೇ ತಿಂಗಳು. 2005ರ ಜನವರಿಯಲ್ಲಿ ಕಬಯಾನ್ ಒಂದು ಕರೆಂಟ್ ಕಂಬದ ಮೇಲೆ ಕೂತ. ಶಾಕ್ ಹೊಡೆದು ಸತ್ತ.

ಬೇಟೆಗಾರನ ಗುಂಡು ತಾಗಿದ್ದರೆ ಯಾರನ್ನಾದರೂ ಹಿಡಿದು ಕೇಳಬಹುದಿತ್ತು. ಇಲ್ಲಿ ಕೇಳುವುದು ಯಾರನ್ನು? ಕಂಬ ಅದರ ಪಾಡಿಗೆ ನಿಂತಿತ್ತು. ಯಾರೂ ಬೇಕಂತ ಮಾಡಿದ್ದಲ್ಲ. ನನಗೆ ನೋವಾಗುವುದು ಅಲ್ಲೇ. ಬೇಕಂತ ಮಾಡದ ಈ ಸಾವುಗಳನ್ನು ನಿಲ್ಲಿಸುವ ದಾರಿ ಐವತ್ತು ವರ್ಷದಿಂದ ಗೊತ್ತಿದೆ. ಗೊತ್ತಿದ್ದೂ ಹಳೆಯ ನಕ್ಷೆಯ ಕಂಬಗಳನ್ನೇ ಎಷ್ಟೋ ಕಡೆ ಇವತ್ತಿಗೂ ನೆಡುತ್ತಿದ್ದಾರೆ.

ಒಂದು ಹದ್ದು ಸತ್ತರೆ ಏನಾಯಿತು, ಹಕ್ಕಿಗಳು ಸಾಯುತ್ತಲೇ ಇರುತ್ತವೆ ಅಲ್ವಾ ಅಂತ ನೀವು ಕೇಳಬಹುದು. ಗುಬ್ಬಿಯ ಲೆಕ್ಕ ಬೇರೆ, ಹದ್ದಿನ ಲೆಕ್ಕ ಬೇರೆ. ಗುಬ್ಬಿ ಒಂದು ವರ್ಷದೊಳಗೆ ಬೆಳೆದು, ಗೂಡು ಕಟ್ಟಿ, ಒಂದೇ ಋತುವಿನಲ್ಲಿ ಎರಡು ಮೂರು ಸಲ ಮರಿ ಮಾಡುತ್ತದೆ. ಫಿಲಿಪ್ಪೀನ್ ಹದ್ದಿಗೆ ಮೊಟ್ಟೆ ಇಡುವ ವಯಸ್ಸು ಬರುವುದಕ್ಕೇ ಐದಾರು ವರ್ಷ ಬೇಕು. ಆಮೇಲೆ ಎರಡು ವರ್ಷಕ್ಕೆ ಒಂದು ಮೊಟ್ಟೆ. ಒಂದೇ ಒಂದು. ಅದಕ್ಕೆ ಸುಮಾರು ಎರಡು ತಿಂಗಳು ಕಾವು. ಮರಿ ಹಾರಲು ಕಲಿತ ಮೇಲೂ ತಿಂಗಳುಗಟ್ಟಲೆ ಅಪ್ಪ ಅಮ್ಮನ ಬೆನ್ನು ಬಿಡುವುದಿಲ್ಲ. ಉಳಿದ ಹದ್ದುಗಳೂ ಹೆಚ್ಚುಕಡಿಮೆ ಇದೇ ಜಾತಕದವು. ಮರಿ ಕಡಿಮೆ, ಆಯಸ್ಸು ಜಾಸ್ತಿ. ದೊಡ್ಡ ಹದ್ದು ಬದುಕಿದ್ದರೆ ಮಾತ್ರ ಆ ಲೆಕ್ಕ ಸರಿ ಹೋಗುತ್ತದೆ. ಮರಿ ಮಾಡುವ ವಯಸ್ಸಿನ ಹದ್ದುಗಳು ವರ್ಷಕ್ಕೆ ಒಂದಿಷ್ಟು ಜಾಸ್ತಿ ಸತ್ತರೂ ಸಾಕು, ಇಡೀ ಸಂತತಿ ಇಳಿಮುಖ ಆಗುತ್ತದೆ. ಆಕಾಶದಲ್ಲಿ ಇನ್ನೂ ಹದ್ದು ಕಾಣುತ್ತಿರುತ್ತದೆ. ಹಾಗಾಗಿ ಎಷ್ಟೋ ವರ್ಷ ಯಾರಿಗೂ ಅನುಮಾನವೇ ಬರುವುದಿಲ್ಲ.

ಈಗ ಕಂಬದ ವಿಷಯಕ್ಕೆ ಬರುತ್ತೇನೆ. ನಿಮಗೆ ಪಾಠ ಹೇಳುವಷ್ಟು ದೊಡ್ಡವನು ನಾನಲ್ಲ. ಆದರೆ ಈ ಪತ್ರ ಉಳಿದವರೂ ಓದುತ್ತಾರೆ, ಅವರಿಗೂ ಗೊತ್ತಾಗಲಿ.

ತಂತಿ ಮೇಲೆ ಸಾಲಾಗಿ ಕೂತ ಗುಬ್ಬಿ, ಪಾರಿವಾಳಗಳಿಗೆ ಏನೂ ಆಗುವುದಿಲ್ಲ. ಎರಡೂ ಕಾಲು ಒಂದೇ ತಂತಿಯ ಮೇಲಿದ್ದರೆ ಕರೆಂಟಿಗೆ ಮೈಯೊಳಗೆ ಹಾದುಹೋಗಲು ದಾರಿ ಇಲ್ಲ. ಎರಡು ತಂತಿಗೆ ಒಟ್ಟಿಗೆ ತಾಗಿದರೆ ಅಥವಾ ಒಂದು ತಂತಿಗೂ ಅರ್ಥಿಂಗ್ ಇರುವ ಕಬ್ಬಿಣಕ್ಕೂ ಒಟ್ಟಿಗೆ ತಾಗಿದರೆ ದಾರಿ ಸಿಗುತ್ತದೆ. ಸಣ್ಣ ಹಕ್ಕಿಗೆ ಅಷ್ಟು ದೂರ ಎಟುಕುವುದಿಲ್ಲ. ಹದ್ದಿಗೆ ಎಟುಕುತ್ತದೆ. ದೊಡ್ಡ ಹದ್ದು ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ ಎರಡು ಮೀಟರ್. ಹಳ್ಳಿ, ಹೊಲ, ಬಯಲುಗಳ ಮೇಲೆ ಹೋಗುವ ಮಧ್ಯಮ ವೋಲ್ಟೇಜಿನ ಲೈನುಗಳಲ್ಲಿ ತಂತಿಗೂ ತಂತಿಗೂ ನಡುವೆ ಇರುವುದು ಎಷ್ಟೋ ಕಡೆ ಒಂದು ಮೀಟರಿನ ಆಸುಪಾಸು. ಅದರ ಜೊತೆ ಕಬ್ಬಿಣದ ಕ್ರಾಸ್ ಆರ್ಮ್, ಅಂದರೆ ಕಂಬದ ತಲೆಯ ಅಡ್ಡಪಟ್ಟಿ, ಅದರ ಮೇಲೆ ನೆಟ್ಟಗೆ ನಿಲ್ಲಿಸಿದ, ಕರೆಂಟ್ ಕಬ್ಬಿಣಕ್ಕೆ ಹರಿಯದ ಹಾಗೆ ತಡೆಯುವ ಪಿನ್ ಇನ್ಸುಲೇಟರ್, ಇನ್ಸುಲೇಟರ್ ತಲೆಯ ಮೇಲೆ ತಂತಿ. ಹದ್ದು ಕೂರುವುದು ಕ್ರಾಸ್ ಆರ್ಮ್ ಮೇಲೆ. ತಂತಿ ಅದರ ಪಕ್ಕದಲ್ಲೇ, ಒಂದೆರಡು ಗೇಣು ಮೇಲೆ. ಕಾಲು ಕಬ್ಬಿಣದ ಮೇಲೆ, ರೆಕ್ಕೆ ತಂತಿಯ ಹತ್ತಿರ. ಮಳೆಯಲ್ಲಿ ಗರಿ ನೆನೆದಿದ್ದರೆ ಇನ್ನೂ ಕೆಟ್ಟದ್ದು. ಒಣಗಿದ ಗರಿ ಕರೆಂಟನ್ನು ತಕ್ಕಮಟ್ಟಿಗೆ ತಡೆಯುತ್ತದೆ, ಒದ್ದೆ ಗರಿ ತಡೆಯುವುದಿಲ್ಲ. ನೆನೆದ ಹದ್ದು ಮಾಡುವ ಮೊದಲ ಕೆಲಸವೇ ರೆಕ್ಕೆ ಅಗಲಿಸಿ ಒಣಗಿಸಿಕೊಳ್ಳುವುದು.

ಹದ್ದಿನ ಕಣ್ಣು ಅಂತ ನಾವು ಮಾತುಮಾತಿಗೂ ಹೇಳುತ್ತೇವೆ. ಅಂಥ ಕಣ್ಣಿಗೂ ಕರೆಂಟ್ ಕಾಣುವುದಿಲ್ಲ.

ಬೇರೆಲ್ಲಾದರೂ ಕೂರಬಾರದಾ ಅಂದರೆ, ಮರವೇ ಇಲ್ಲದ ಬಯಲಿನಲ್ಲಿ ಅದಕ್ಕೆ ಸಿಗುವ ಎತ್ತರದ ಜಾಗ ಕಂಬ ಒಂದೇ. ಅಲ್ಲಿ ಕೂತರೆ ಸುತ್ತ ಓಡಾಡುವ ಇಲಿ, ಅಳಿಲು ಎಲ್ಲ ಕಾಣುತ್ತವೆ. ಸುಮ್ನೆ ಹಾರುತ್ತಾ ಬೇಟೆ ಹುಡುಕಿ ದಣಿಯುವ ಬದಲು ಕೂತಲ್ಲಿಂದಲೇ ಎರಗಬಹುದು. ಹಾರಾಟದಲ್ಲಿ ಇನ್ನೂ ಪಳಗದ ಎಳೆಯ ಹದ್ದುಗಳು ಹೀಗೇ ಕೂರುವುದು ಜಾಸ್ತಿ. ಇಳಿಯುವಾಗ ತಡವರಿಸಿ ರೆಕ್ಕೆ ಬಡಿಯುವುದೂ ಅವೇ. ಸಾಯುವುದೂ ಹೆಚ್ಚಾಗಿ ಅವೇ.

ಅಂಥ ಒಂದನ್ನು ನಾನು ಕೈಯಲ್ಲಿ ಎತ್ತಿದ್ದೇನೆ. ಹಕ್ಕಿ ನೋಡಲು ಹೋಗಿದ್ದ ಬಯಲಿನಲ್ಲಿ ಒಂದು ಕಂಬದ ಬುಡದಲ್ಲಿ ಅಂಗಾತ ಬಿದ್ದಿತ್ತು. ರಾತ್ರಿ ಮಳೆ ಬಂದಿತ್ತು. ರೆಕ್ಕೆ ಎತ್ತಿ ನೋಡಿದರೆ ಅಡಿಯಲ್ಲಿ ಉದ್ದಕ್ಕೂ ಬಿಳಿ ಪಟ್ಟಿ. ಎಳೆಯ ಸ್ಟೆಪ್ಪಿ ಹದ್ದಿನ ಗುರುತು ಅದು. ಮೈಮೇಲೆ ರಕ್ತ ಇರಲಿಲ್ಲ. ನಿದ್ದೆ ಹೋದ ಹಾಗಿತ್ತು. ಆಮೇಲೆ ಕಾಲು ನೋಡಿದೆ. ಹಿಂಬೆರಳಿನ ಬುಡದಲ್ಲಿ ಉಗುರಿನಷ್ಟು ದೊಡ್ಡ ಕಪ್ಪು ಸುಟ್ಟಗಾಯ. ರೆಕ್ಕೆಯ ಮಣಿಕಟ್ಟಿನ ಹತ್ತಿರ ನಾಲ್ಕೈದು ಗರಿಗಳ ತುದಿ ಸುರುಟಿಕೊಂಡು ಗಂಟಾಗಿತ್ತು. ಕೂದಲು ಸುಟ್ಟ ವಾಸನೆ. ಕರೆಂಟ್ ಒಳಗೆ ಹೋಗಲು ಒಂದು ತೂತು, ಹೊರಗೆ ಬರಲು ಒಂದು ತೂತು, ಅಷ್ಟೇ. ಅಷ್ಟರಲ್ಲಿ ಲೈನ್ ಟ್ರಿಪ್ ಆಗಿದೆ ಅಂತ ಲೈನ್‌ಮನ್ ಒಬ್ಬರು ಬಂದರು. ನನ್ನ ಕೈಯಲ್ಲಿದ್ದದ್ದನ್ನು ನೋಡಿ ಅವರಿಗೇನೂ ಆಶ್ಚರ್ಯ ಆಗಲಿಲ್ಲ. "ಈ ಕಂಬದ್ದು ಯಾವಾಗ್ಲೂ ಇದೇ ಸಾರ್. ಮಳೆ ಬಂದ ಮಾರನೇ ದಿನ ಬಂದ್ರೆ ಸಿಕ್ಕೇ ಸಿಗ್ತವೆ" ಅಂದರು. ಬೇಸರದಿಂದಲೇ ಹೇಳಿದರು. ಆಮೇಲೆ ಕೆಲಸ ಮುಗಿಸಿ ಲೈನಿಗೆ ಮತ್ತೆ ಕರೆಂಟ್ ಬಿಟ್ಟು ಹೋದರು. ಅವರ ತಪ್ಪೇನೂ ಇಲ್ಲ. ಹಕ್ಕಿ ಸತ್ತರೆ ಬರೆಯಬೇಕು ಅಂತ ಅವರಿಗೆ ಯಾರೂ ಒಂದು ಪುಸ್ತಕ ಕೊಟ್ಟಿಲ್ಲ.

ಎರಡು ದಿನ ಬಿಟ್ಟು ಮತ್ತೆ ಹೋದೆ. ಹದ್ದು ಇರಲಿಲ್ಲ. ನಾಲ್ಕು ಗರಿ ಇತ್ತು. ನರಿಯೋ ನಾಯಿಯೋ ಎಳೆದುಕೊಂಡು ಹೋಗಿರಬೇಕು. "ನಮ್ಮ ಲೈನಲ್ಲಿ ಹಕ್ಕಿ ಸತ್ತ ದಾಖಲೆ ಇಲ್ಲ" ಅನ್ನುವ ಉತ್ತರ ಸಿಕ್ಕಾಗಲೆಲ್ಲ ನನಗೆ ಆ ನಾಲ್ಕು ಗರಿ ಕಣ್ಣಿಗೆ ಬರುತ್ತದೆ. ದಾಖಲೆ ಎರಡು ದಿನದಲ್ಲಿ ನರಿಯ ಹೊಟ್ಟೆ ಸೇರುತ್ತದೆ.

ಸ್ಟೆಪ್ಪಿ ಹದ್ದು 2015ರಿಂದ ಅಳಿವಿನ ಅಪಾಯದಲ್ಲಿರುವ ಹಕ್ಕಿಗಳ ಜಾಗತಿಕ ಪಟ್ಟಿಯಲ್ಲಿದೆ. ರಷ್ಯಾ, ಕಜಾಕ್‌ಸ್ತಾನ, ಮಂಗೋಲಿಯಾದ ಹುಲ್ಲುಗಾವಲುಗಳಲ್ಲಿ ನೆಲದ ಮೇಲೆ ಗೂಡು ಕಟ್ಟಿ, ಚಳಿಗಾಲಕ್ಕೆ ಭಾರತ, ಅರೇಬಿಯಾ, ಆಫ್ರಿಕಾದ ಕಡೆಗೆ ಹೊರಡುತ್ತದೆ. ಆ ಹುಲ್ಲುಗಾವಲುಗಳ ಉದ್ದಕ್ಕೂ ಸೋವಿಯತ್ ಕಾಲದಲ್ಲಿ ನೆಟ್ಟ 6 ಮತ್ತು 10 ಕಿಲೋವೋಲ್ಟ್ ಲೈನುಗಳಿವೆ. ಕಾಂಕ್ರೀಟ್ ಕಂಬ, ಕಬ್ಬಿಣದ ಕ್ರಾಸ್ ಆರ್ಮ್, ಮೇಲೆ ಪಿನ್ ಇನ್ಸುಲೇಟರ್. ಹದ್ದಿಗೆ ಇದಕ್ಕಿಂತ ಕೆಟ್ಟ ಜೋಡಣೆ ಹುಡುಕಿದರೂ ಸಿಗುವುದಿಲ್ಲ.

2019ರಲ್ಲಿ ಈ ಹದ್ದುಗಳ ಒಂದು ಸುದ್ದಿ ಪ್ರಪಂಚದ ಪತ್ರಿಕೆಗಳಲ್ಲೆಲ್ಲ ಬಂದಿತ್ತು, ನೆನಪಿರಬಹುದು. ರಷ್ಯಾದ ಸಂಶೋಧಕರು ಹದ್ದುಗಳ ಬೆನ್ನಿಗೆ ಎಸ್‌ಎಂಎಸ್ ಕಳಿಸುವ ಪುಟ್ಟ ಯಂತ್ರ ಕಟ್ಟಿದ್ದರು. ಮಿನ್ ಅನ್ನುವ ಹದ್ದು ಬೇಸಿಗೆಯಿಡೀ ಕಜಾಕ್‌ಸ್ತಾನದಲ್ಲಿ ನೆಟ್‌ವರ್ಕ್ ಸಿಗದ ಕಡೆ ಇತ್ತು. ಆಮೇಲೆ ನೇರ ಇರಾನಿಗೆ ಹೋಯಿತು. ಅಲ್ಲಿ ಸಿಗ್ನಲ್ ಸಿಕ್ಕಿದ್ದೇ ತಡ, ತಿಂಗಳುಗಟ್ಟಲೆ ಬಾಕಿ ಇದ್ದ ಮೆಸೇಜುಗಳೆಲ್ಲ ಒಟ್ಟಿಗೆ ಬಂದವು. ರೋಮಿಂಗ್ ಬಿಲ್ಲಿಗೆ ಸಂಶೋಧಕರ ದುಡ್ಡು ಖಾಲಿ. ಜನ ಕೈಲಾದಷ್ಟು ಹಾಕಿ ದುಡ್ಡು ಕೂಡಿಸಿಕೊಟ್ಟರು. ಮೊಬೈಲ್ ಕಂಪನಿ ಕೂಡ ಬಿಲ್ಲನ್ನು ಮನ್ನಾ ಮಾಡಲು ಮುಂದೆ ಬಂತು. ಹದ್ದು ಎಲ್ಲಿದೆ, ಬದುಕಿದೆಯಾ ಅಂತ ತಿಳಿದುಕೊಳ್ಳಲು ಹಣ ಕೊಟ್ಟ ಆ ಜನರ ಬಗ್ಗೆ ನನಗೆ ತುಂಬ ಪ್ರೀತಿ. ಆ ಸುದ್ದಿಯಲ್ಲಿ ನಿಮಗೆ ಹೇಳಬೇಕಾದ್ದೂ ಒಂದಿದೆ. ಒಂದು ಹದ್ದು ಒಂದು ವರ್ಷದಲ್ಲಿ ಐದಾರು ದೇಶಗಳ ಕಂಬಗಳ ಮೇಲೆ ಕೂರುತ್ತದೆ. ಒಬ್ಬ ಎಂಜಿನಿಯರ್ ಸರಿ ಮಾಡಿದ್ದನ್ನು ಗಡಿಯಾಚೆ ಇನ್ನೊಬ್ಬರು ಕೆಡಿಸಬಹುದು. ಅದಕ್ಕೇ ಈ ಪತ್ರವನ್ನು ಒಂದು ಇಲಾಖೆಗೆ ಅಂತ ಬರೆಯದೆ ನಿಮ್ಮೆಲ್ಲರಿಗೂ ಬರೆದಿದ್ದೇನೆ.

ಸರಿ ಮಾಡಲು ಆಗುತ್ತದಾ? ಆಗುತ್ತದೆ. ಆಗಿದೆ.

1970ರ ದಶಕದ ಆರಂಭದಲ್ಲಿ ಅಮೆರಿಕದ ಐಡಹೋದಲ್ಲಿ ಮಾರ್ಲಿ ನೆಲ್ಸನ್ ಅಂತ ಒಬ್ಬರಿದ್ದರು. ಹದ್ದು, ಡೇಗೆಗಳನ್ನು ಪಳಗಿಸುವುದರಲ್ಲಿ ಹೆಸರಾದವರು. ಅಲ್ಲಿನ ವಿದ್ಯುತ್ ಕಂಪನಿ ಅವರನ್ನು ಜೊತೆಗೆ ಸೇರಿಸಿಕೊಂಡಿತು. ಅವರು ಕರೆಂಟ್ ಇಲ್ಲದ ಅಣಕು ಕಂಬಗಳನ್ನು ನಿಲ್ಲಿಸಿ, ತಾವು ಪಳಗಿಸಿದ ಚಿನ್ನದ ಹದ್ದುಗಳನ್ನು ಅದರ ಮೇಲೆ ಇಳಿಸಿ, ಫಿಲ್ಮ್ ತೆಗೆದರು. ಹದ್ದು ಎಲ್ಲಿ ಕಾಲಿಡುತ್ತದೆ, ಇಳಿಯುವಾಗ ರೆಕ್ಕೆ ಎಷ್ಟು ಅಗಲಿಸುತ್ತದೆ, ಏಳುವಾಗ ಯಾವ ತಂತಿಗೆ ತಾಗುತ್ತದೆ, ಎಲ್ಲ ಎಂಜಿನಿಯರುಗಳ ಕಣ್ಣಿಗೆ ಬಿತ್ತು. ಅಂಥ ಕೆಲಸದ ಬೆನ್ನಿಗೇ 1975ರಲ್ಲಿ ಹಕ್ಕಿಗೆ ಅಪಾಯವಿಲ್ಲದ ಕಂಬ ಹೇಗಿರಬೇಕು ಅನ್ನುವ ಕೈಪಿಡಿ ಹೊರಬಂತು. ಅಲ್ಲಿಂದ ಬಂದ ಒಂದು ಅಳತೆ ಇವತ್ತಿಗೂ ಚಾಲ್ತಿಯಲ್ಲಿದೆ: ತಂತಿಗೂ ತಂತಿಗೂ ನಡುವೆ, ಅಥವಾ ತಂತಿಗೂ ಅರ್ಥ್ ಆದ ಕಬ್ಬಿಣಕ್ಕೂ ನಡುವೆ, ಅಡ್ಡಕ್ಕೆ 60 ಇಂಚು, ಅಂದರೆ ಸುಮಾರು 150 ಸೆಂಟಿಮೀಟರ್. ಹದ್ದಿನ ಒಂದು ರೆಕ್ಕೆಯ ಮಣಿಕಟ್ಟಿನಿಂದ ಇನ್ನೊಂದರ ಮಣಿಕಟ್ಟಿನವರೆಗಿನ ದೂರ ನೋಡಿ, ಅದಕ್ಕೆ ಸ್ವಲ್ಪ ಸೇರಿಸಿ ಹಾಕಿದ ಲೆಕ್ಕ. ಒಂದು ಹಕ್ಕಿಯ ಮೈ ಅಳತೆ ಎಂಜಿನಿಯರಿಂಗ್ ಮಾನದಂಡ ಆದದ್ದು ನನಗಂತೂ ಮನುಷ್ಯರು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಒಂದು.

ಸ್ಪೇನಿನ ಉದಾಹರಣೆ ಇನ್ನೂ ದೊಡ್ಡದು. ಅಲ್ಲಿನ ಇಂಪೀರಿಯಲ್ ಹದ್ದು 1960ರ ದಶಕದಲ್ಲಿ ಸುಮಾರು 30 ಜೋಡಿಗೆ ಇಳಿದಿತ್ತು. ಬೇಟೆ, ವಿಷ, ಆಹಾರವಾದ ಮೊಲಗಳಿಗೆ ಬಂದ ರೋಗ ಎಲ್ಲ ಸೇರಿದ್ದವು. ಆದರೆ ದಕ್ಷಿಣ ಸ್ಪೇನಿನ ಡೊನ್ಯಾನಾ ರಾಷ್ಟ್ರೀಯ ಉದ್ಯಾನದ ಸುತ್ತಮುತ್ತ ಲೆಕ್ಕ ಮಾಡಿದವರಿಗೆ ಎಳೆಯ ಹದ್ದುಗಳನ್ನು ಎಲ್ಲಕ್ಕಿಂತ ಜಾಸ್ತಿ ಕೊಲ್ಲುತ್ತಿರುವುದು ಕರೆಂಟ್ ಅಂತ ಗೊತ್ತಾಯಿತು. ಕಂಬ ಬದಲಿಸಿದರು, ತಂತಿಗೆ ಹೊದಿಕೆ ಹಾಕಿದರು. 2008ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ರಾಜಾಜ್ಞೆ ಬಂತು. ಇವತ್ತು ಆ ಹದ್ದು 800ಕ್ಕೂ ಹೆಚ್ಚು ಜೋಡಿ ಇದೆ. ಅಲ್ಲೇನೂ ದೀಪ ಆರಲಿಲ್ಲ. ಜರ್ಮನಿ 2002ರ ಕಾನೂನಿನಲ್ಲಿ ಹೊಸ ಕಂಬಗಳೆಲ್ಲ ಹಕ್ಕಿಗೆ ಸುರಕ್ಷಿತವಾಗಿರಬೇಕು, ಅಪಾಯದ ಹಳೆಯ ಕಂಬಗಳನ್ನು 2012ರ ಕೊನೆಯೊಳಗೆ ಸರಿಪಡಿಸಬೇಕು ಅಂತ ಗಡುವನ್ನೇ ಹಾಕಿತು.

ಕರೆಂಟ್ ಒಂದೇ ಹದ್ದಿಗೆ ಶತ್ರು ಅಂತ ನಾನು ಹೇಳುತ್ತಿಲ್ಲ. ಕಾಡು ಹೋದರೆ ಫಿಲಿಪ್ಪೀನ್ ಹದ್ದಿಗೆ ಕಂಬ ಸರಿ ಇದ್ದೂ ಪ್ರಯೋಜನ ಇಲ್ಲ. ಬೇಟೆಗಾರರು ಹೊಡೆದ ಜಿಂಕೆಯ ಕರುಳಿನಲ್ಲಿ ಉಳಿದ ಸೀಸದ ಚೂರು ತಿಂದು ಹದ್ದುಗಳು ನರಳಿ ಸಾಯುತ್ತವೆ. ಅಮೆರಿಕದ 38 ರಾಜ್ಯಗಳ 1,210 ಹದ್ದುಗಳನ್ನು ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಮೂಳೆಯವರೆಗೂ ಸೀಸ ಇಳಿದಿತ್ತು. ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಅನ್ನುವ ನೋವಿನ ಔಷಧಿ ರಣಹದ್ದುಗಳನ್ನು ಮುಗಿಸಿದ್ದು ಎಲ್ಲರಿಗೂ ಗೊತ್ತು, ಅದು ಸ್ಟೆಪ್ಪಿ ಹದ್ದಿಗೂ ವಿಷ ಅಂತ 2014ರಲ್ಲಿ ತಿಳಿಯಿತು. ತೋಳ ನರಿಗೆ ಅಂತ ಇಟ್ಟ ವಿಷ ತಿನ್ನುವುದೂ ಹದ್ದೇ. ಆಫ್ರಿಕಾದ ಮಾರ್ಷಲ್ ಹದ್ದು ಹೊಲದ ನೀರಿನ ತೊಟ್ಟಿಗೆ ಇಳಿದು, ಗೋಡೆ ಹತ್ತಲಾಗದೆ ಮುಳುಗಿ ಸತ್ತದ್ದೂ ಇದೆ. ಒಂದು ಹಲಗೆ ತೇಲಿಬಿಟ್ಟಿದ್ದರೆ ಬದುಕುತ್ತಿತ್ತು.

ಹಾಗಿದ್ದ ಮೇಲೆ ನಿಮಗೇ ಯಾಕೆ ಬರೆಯುತ್ತಿದ್ದೇನೆ? ವಿಷ ಇಡುವವರು, ಗುಂಡು ಹೊಡೆಯುವವರು ಲಕ್ಷ ಜನ. ಒಬ್ಬೊಬ್ಬರ ಮನಸ್ಸನ್ನೂ ಬದಲಿಸಬೇಕು. ಕಂಬದ ವಿಷಯದಲ್ಲಿ ಹಾಗಿಲ್ಲ. ಒಂದು ನಕ್ಷೆ, ಕೆಲವೇ ಸಹಿ. ಅಮೆರಿಕದ ಬೋಳು ಹದ್ದು ಬದುಕಿದ್ದೂ ಹೀಗೇ ಅಲ್ವಾ. ಅಲಾಸ್ಕಾ, ಹವಾಯಿ ಬಿಟ್ಟು ಉಳಿದ ರಾಜ್ಯಗಳಲ್ಲಿ 1963ರಲ್ಲಿ ಲೆಕ್ಕಕ್ಕೆ ಸಿಕ್ಕಿದ್ದು 417 ಜೋಡಿ. ಡಿಡಿಟಿ ಅನ್ನುವ ಕೀಟನಾಶಕದಿಂದ ಮೊಟ್ಟೆಯ ಚಿಪ್ಪು ತೆಳುವಾಗಿ ಕಾವು ಕೂತಾಗಲೇ ಒಡೆಯುತ್ತಿತ್ತು. 1972ರಲ್ಲಿ ಡಿಡಿಟಿ ನಿಷೇಧಿಸಿದರು. ಗೂಡುಗಳಿಗೂ ರಕ್ಷಣೆ ಕೊಟ್ಟರು. 2007ರಲ್ಲಿ ಅಪಾಯದ ಪಟ್ಟಿಯಿಂದ ಆ ಹದ್ದಿನ ಹೆಸರು ತೆಗೆದರು. ಮೇಲಿನ ಹುದ್ದೆಯಲ್ಲಿ ಕೂತ ಕೆಲವರು ಒಂದು ಸರಿಯಾದ ತೀರ್ಮಾನ ತೆಗೆದುಕೊಂಡರೆ ಹದ್ದು ತನ್ನ ಪಾಲಿನ ಕೆಲಸ ತಾನೇ ಮಾಡುತ್ತದೆ.

ನಾನು ಕೇಳುವುದು ಇಷ್ಟು. ಹೊಸ ಕಂಬಗಳಲ್ಲಿ ಇನ್ಸುಲೇಟರ್ ಕ್ರಾಸ್ ಆರ್ಮ್‌ನ ಮೇಲೆ ನಿಲ್ಲದೆ ಕೆಳಗೆ ತೂಗಲಿ, ಆಗ ಹದ್ದು ಮೇಲೆ ಕೂತರೂ ತಂತಿ ಅದರ ಕಾಲ ಕೆಳಗೆ ದೂರದಲ್ಲಿರುತ್ತದೆ. ಆ 150 ಸೆಂಟಿಮೀಟರ್ ಅಂತರ ನಕ್ಷೆಯಲ್ಲೇ ಇರಲಿ. ಕಂಬದ ಮೇಲಿಂದ ಹಾಯುವ ಜಂಪರ್‌ಗಳಿಗೆ, ಅಂದರೆ ಒಂದು ತಂತಿಯನ್ನು ಇನ್ನೊಂದಕ್ಕೆ ಜೋಡಿಸುವ ತುಂಡು ತಂತಿಗಳಿಗೆ, ಟ್ರಾನ್ಸ್‌ಫಾರ್ಮರ್ ತಲೆಗೆ ಇನ್ಸುಲೇಶನ್ ಹೊದಿಕೆ ಇರಲಿ. ಟ್ರಾನ್ಸ್‌ಫಾರ್ಮರ್ ಇರುವ ಕಂಬ, ಲೈನ್ ತಿರುಗುವ ಮೂಲೆಯ ಕಂಬ, ದಿಬ್ಬದ ನೆತ್ತಿಯ ಕಂಬ ಇವುಗಳಲ್ಲಿ ಸಾವು ಜಾಸ್ತಿ. ಹಳೆಯ ಲೈನುಗಳಲ್ಲಿ ಎಲ್ಲ ಕಂಬ ಒಂದೇ ಸಲ ಬದಲಿಸಿ ಅನ್ನುವುದಿಲ್ಲ. ಸಾವುಗಳಲ್ಲಿ ಹೆಚ್ಚಿನವು ಕೆಲವೇ ಕಂಬಗಳಲ್ಲಿ ಆಗುತ್ತವೆ. ಅವು ಯಾವುವು ಅಂತ ನಿಮ್ಮ ಲೈನ್‌ಮನ್‌ಗಳಿಗೆ ಗೊತ್ತಿದೆ. ಅವರನ್ನು ಕೇಳಿ. ಅವರಿಗೆ ಒಂದು ಪುಸ್ತಕ ಕೊಡಿ, ಸತ್ತ ಹಕ್ಕಿ ಕಂಡರೆ ಕಂಬದ ನಂಬರ್ ಬರೆದು ಒಂದು ಫೋಟೋ ತೆಗೆಯಲಿ. ಬರೆದವರಿಗೆ ತೊಂದರೆ ಆಗುವುದಿಲ್ಲ ಅನ್ನುವ ಭರವಸೆಯನ್ನೂ ಕೊಡಿ. ಇಲ್ಲದಿದ್ದರೆ ಯಾರೂ ಬರೆಯುವುದಿಲ್ಲ.

ಒಂದು ಮಾತು ಬಿಡದೆ ಹೇಳಬೇಕು. ಹದ್ದು ಕೂರದಿರಲಿ ಅಂತ ಕ್ರಾಸ್ ಆರ್ಮ್ ಮೇಲೆ ಮುಳ್ಳು ಹೊಡೆದು ಕೈ ತೊಳೆದುಕೊಳ್ಳಬೇಡಿ. ಹದ್ದು ಮುಳ್ಳು ಬಿಟ್ಟು ಪಕ್ಕಕ್ಕೆ, ತಂತಿಗೆ ಇನ್ನೂ ಹತ್ತಿರ ಕೂರುತ್ತದೆ. ಇಲ್ಲವೇ ಮುಂದಿನ ಕಂಬಕ್ಕೆ ಹೋಗುತ್ತದೆ. ಅಗ್ಗದ ಪ್ಲಾಸ್ಟಿಕ್ ಹೊದಿಕೆಯೂ ಬಿಸಿಲಿಗೆ ಕೆಲವು ವರ್ಷಗಳಲ್ಲಿ ಬಿರುಕು ಬಿಡುತ್ತದೆ. ಹದ್ದು ಕೂರಲಿ. ಕೂತರೂ ಸಾಯದ ಹಾಗೆ ಕಂಬ ಇರಲಿ. ದಕ್ಷಿಣ ಆಫ್ರಿಕಾದ ಕರೂ ಬಯಲಿನಲ್ಲಿ ಮಾರ್ಷಲ್ ಹದ್ದುಗಳು ದೊಡ್ಡ ಹೈ ಟೆನ್ಷನ್ ಟವರ್‌ಗಳ ಮೇಲೆ ಗೂಡು ಕಟ್ಟಿ ಮರಿ ಮಾಡುತ್ತಿವೆ. ಅಲ್ಲಿ ತಂತಿಗಳ ನಡುವೆ ಅಂತರ ಸಾಕಷ್ಟಿದೆ. ಅದೇ ಹದ್ದಿಗೆ ಸಣ್ಣ ಕಂಬ ಮಸಣ, ದೊಡ್ಡ ಟವರ್ ಬಾಣಂತಿ ಮನೆ.

ಖರ್ಚಿನ ಮಾತು ಬಂದೇ ಬರುತ್ತದೆ. ನೆಟ್ಟ ಕಂಬವನ್ನು ಸರಿಪಡಿಸಬೇಕಾದರೆ ಲೈನ್ ಬಂದ್ ಮಾಡಬೇಕು, ಆಳು ಹತ್ತಬೇಕು, ಸಾಮಾನು ಬೇರೆ. ನಕ್ಷೆಯಲ್ಲೇ ಸರಿಪಡಿಸಿದರೆ ಇದ್ಯಾವುದೂ ಇಲ್ಲ. ಹದ್ದು ಸತ್ತಾಗಲೆಲ್ಲ ಲೈನ್ ಟ್ರಿಪ್ ಆಗುತ್ತದೆ, ಸಾಮಾನು ಸುಡುತ್ತದೆ. ಉರಿಯುತ್ತಾ ಬಿದ್ದ ಹಕ್ಕಿಯಿಂದ ಒಣ ಹುಲ್ಲಿಗೆ ಬೆಂಕಿ ಹತ್ತಿದ ಪ್ರಸಂಗಗಳೂ ದಾಖಲಾಗಿವೆ. ಆ ನಷ್ಟವನ್ನು ಈಗಲೂ ನೀವು ಕೊಡುತ್ತಲೇ ಇದ್ದೀರಿ, ಬೇರೆ ಲೆಕ್ಕದಲ್ಲಿ.

ಸೂರ್ಯನಿಂದ, ಗಾಳಿಯಿಂದ ವಿದ್ಯುತ್ ಮಾಡಬೇಕು, ಕತ್ತಲಲ್ಲಿರುವ ಮನೆಗೆ ದೀಪ ಬರಬೇಕು ಅನ್ನುವವನೇ ನಾನೂ. ಅದಕ್ಕಾಗಿ ಇನ್ನು ಹತ್ತಿಪ್ಪತ್ತು ವರ್ಷದಲ್ಲಿ ಏಳುವ ಹೊಸ ಕಂಬಗಳಿಗೆ ಲೆಕ್ಕವಿಲ್ಲ. ಆ ಕಂಬಗಳು ಇನ್ನೂ ಕಾಗದದ ಮೇಲಿವೆ. ನಿಮ್ಮ ಮೇಜಿನ ಮೇಲೆ ಈಗ ಒಂದು ನಕ್ಷೆ ಇದ್ದರೆ ದಯವಿಟ್ಟು ಒಂದು ಸ್ಕೇಲ್ ತೆಗೆದುಕೊಳ್ಳಿ. ಕ್ರಾಸ್ ಆರ್ಮ್‌ನಿಂದ ತಂತಿಗೆ ಎಷ್ಟು, ತಂತಿಯಿಂದ ತಂತಿಗೆ ಎಷ್ಟು ಅಂತ ಅಳೆಯಿರಿ. ಕಡಿಮೆ ಬಂದರೆ ಸಹಿ ಹಾಕದೆ ವಾಪಸ್ ಕಳಿಸಿ.

ಇಂತಿ ನಿಮ್ಮ ವಿಶ್ವಾಸಿ,
ಹಕ್ಕಿ ನೋಡುವ ಒಬ್ಬ